ಶ್ರದ್ಧಾಂಜಲಿ ಸಭೆಯಲ್ಲಿ ನಾನು ಹೇಳದೆ ಬಿಟ್ಟದ್ದು

(ಗ್ರಾಂಟ್ ರೋಡ್‌ನಲ್ಲಿ ರೆಕಾರ್ಡ್ ಮಾಡಿದ ಮಾತಿನ ಬರಹ ರೂಪ. ಆಡುಮಾತನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇವೆ.)

ಮೈಕ್ ಸರಿಯಾಗಿ ಕೇಳ್ತಾ ಇದೆಯಾ? ಹಿಂದೆ ಕೂತವರು ಒಂದ್ಸಲ ಕೈ ಎತ್ತಿ. ಸರಿ, ಶುರು ಮಾಡ್ತೇನೆ.

ಕಳೆದ ತಿಂಗಳು ನಮ್ಮ ಕೋಚ್ ಸರ್ ತೀರಿಕೊಂಡರು. ಇಲ್ಲಿ ಕೂತವರಲ್ಲಿ ಅರ್ಧದಷ್ಟು ಜನಕ್ಕೆ ಅವರು ಗೊತ್ತು. ಚರ್ಚಿನಲ್ಲಿ ಶ್ರದ್ಧಾಂಜಲಿ ಸಭೆ ಆಯಿತು. ನನಗೆ ಮಾತಾಡಲಿಕ್ಕೆ ಎರಡು ನಿಮಿಷ ಕೊಟ್ಟಿದ್ದರು. ನಾನು ಮೇಲೆ ಹೋಗಿ ಏನು ಹೇಳಿದೆ ಗೊತ್ತಾ? ಎಷ್ಟು ಟೂರ್ನಮೆಂಟ್, ಎಷ್ಟು ಕಪ್, ಎಷ್ಟು ಹುಡುಗರಿಗೆ ಸ್ಪೋರ್ಟ್ಸ್ ಕೋಟಾದಲ್ಲಿ ನೌಕರಿ ಸಿಕ್ಕಿತು, ಅಷ್ಟೇ. ಪಟ್ಟಿ ಓದಿದ ಹಾಗೆ ಓದಿದೆ. ಎಲ್ಲರೂ ತಲೆ ಆಡಿಸಿದರು. ಕೆಳಗಿಳಿದು ಬರುವಾಗ ಅವರ ಹೆಂಡತಿ ಕೈ ಹಿಡಿದು, "ಚೊಲೋ ಮಾತಾಡಿದಿ" ಅಂದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಹೇಳಬೇಕಾದ ಒಂದು ಸಂಗತಿ ಇತ್ತು, ಅದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿ ಬಂದಿದ್ದೆ. ಅದನ್ನು ಇವತ್ತು ಹೇಳ್ತೇನೆ. ಸ್ವಲ್ಪ ಸುತ್ತಿ ಬಳಸಿ ಬರ್ತೇನೆ, ತಾಳ್ಮೆ ಇರಲಿ.

ಸರ್ ಗದಗ-ಬೆಟಗೇರಿ ಕಡೆಯವರು. ಬಾಸೆಲ್ ಮಿಷನ್ನಿನವರು ಧಾರವಾಡ ಸೀಮೆಗೆ ಬಂದದ್ದು 1837ರಲ್ಲಿ. ಆಮೇಲೆ ಬೆಟಗೇರಿಯಲ್ಲೂ ಸಭೆ ಕಟ್ಟಿದರು. ಸರ್ ಅವರ ಅಜ್ಜ ಅಲ್ಲಿ ಮಗ್ಗದ ಕೆಲಸದವರು. ಮೊಮ್ಮಗ ಮುಂಬೈಗೆ ಬಂದು ರೈಲ್ವೆ ವರ್ಕ್‌ಶಾಪಿಗೆ ಸೇರಿದರು. ಭಾನುವಾರ ಬೆಳಿಗ್ಗೆ ಅವರು ಕನ್ನಡ ಸಭೆಯ ಹಿರಿಯರು. ವಾಕ್ಯ ಓದುವುದು, ಕಾಣಿಕೆ ಲೆಕ್ಕ ಬರೆಯುವುದು, ಸಭಾಪಾಲಕರು ಊರಲ್ಲಿ ಇಲ್ಲದಿದ್ದರೆ ಪ್ರಸಂಗವನ್ನೂ ಮಾಡುವುದು. ವಾರದ ಉಳಿದ ದಿನ ಸಂಜೆ ಐದಕ್ಕೆ ಕತ್ತಿನಲ್ಲಿ ಸೀಟಿ. ನಮಗೆ ಗೊತ್ತಿದ್ದದ್ದು ಸೀಟಿ ಕಟ್ಟಿಕೊಂಡ ಆ ಮನುಷ್ಯ ಮಾತ್ರ.

ನಮಗೆ ಅಂದರೆ ಹೋಟೆಲ್ ಹುಡುಗರಿಗೆ. ನನ್ನ ಅಪ್ಪ ಇಲ್ಲೇ ಸ್ಟೇಷನ್ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ದೋಸೆ ಕಾವಲಿಗೆ ನಿಲ್ಲುತ್ತಿದ್ದರು. ನಾನು ಹದಿಮೂರಕ್ಕೆ ಕುಂದಾಪುರದ ಕಡೆಯಿಂದ ಬಂದೆ. ಹಗಲು ಟೇಬಲ್ ಒರೆಸುವುದು, ರಾತ್ರಿ ಕನ್ನಡ ನೈಟ್ ಸ್ಕೂಲ್. ನಡುವೆ ಎರಡು ಗಂಟೆ ಆಟಕ್ಕೆ ಸಿಕ್ಕಿತು ಅಂದರೆ ಅದಕ್ಕೆ ಸರ್ ಕಾರಣ. ಅವರೇ ಬಂದು ನಮ್ಮ ಧಣಿಗಳ ಎದುರು ಗಲ್ಲೆಯ ಹತ್ತಿರ ನಿಂತು, "ಈ ಹುಡುಗ ಎತ್ತರ ಅದಾನ್ರಿ, ಸಂಜಿಕೆ ನನಗ ಕೊಡ್ರಿ" ಅಂತ ಕೇಳಿದರು. ಎಮ್ಮೆ ಕೇಳಿದ ಹಾಗೆ ಕೇಳಿದ್ದರು. (ನಗು) ಧಣಿಗಳು ಕೊಟ್ಟರು. ಆ ಕಾಲದ ಧಣಿಗಳ ಬಗ್ಗೆ ಏನೇನೋ ಹೇಳ್ತಾರೆ, ಇದನ್ನೂ ಹೇಳಬೇಕು.

ಹುಡುಗರಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದವರು ಇದ್ದೆವು. ಸರ್ ಆಟಕ್ಕೆ ಮುಂಚೆ ಅರ್ಧ ನಿಮಿಷ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ನಾವು ನಮ್ಮ ನಮ್ಮ ಬೂಟು ನೋಡ್ತಾ ನಿಲ್ಲುತ್ತಿದ್ದೆವು. ನೀವೂ ಪ್ರಾರ್ಥನೆ ಮಾಡಿ ಅಂತ ಒಂದು ದಿನವೂ ಅನ್ನಲಿಲ್ಲ. ಕೆಲವರು ಕೇಳ್ತಾರೆ, ಅದಕ್ಕೆ ಹೇಳಿದೆ.

ಒಂದು ಮಾತು ನಡುವೆ. ದಿನಕ್ಕೆ ಹತ್ತು ಸಲ ಗ್ರಾಂಟ್ ರೋಡ್, ಗ್ರಾಂಟ್ ರೋಡ್ ಅಂತೇವಲ್ಲ, ಈ ಗ್ರಾಂಟ್ ಯಾರು? ಸರ್ ರಾಬರ್ಟ್ ಗ್ರಾಂಟ್, 1835ರಿಂದ 1838ರವರೆಗೆ ಬಾಂಬೆಯ ಗವರ್ನರ್. ಹುಟ್ಟಿದ್ದು ಬಂಗಾಳದಲ್ಲಿ, ಸತ್ತದ್ದು ಪುಣೆಯ ಹತ್ತಿರ ದಾಪೋಡಿಯಲ್ಲಿ. ಈ ಗವರ್ನರ್ ಸಾಹೇಬರು ಸ್ತೋತ್ರಗಳನ್ನು ಬರೆಯುತ್ತಿದ್ದರು. 'ಓ ವರ್ಶಿಪ್ ದ ಕಿಂಗ್' ಅನ್ನುವ ಸ್ತೋತ್ರ ಅವರದ್ದೇ, ಪ್ರಪಂಚದ ಎಲ್ಲ ಕಡೆ ಚರ್ಚುಗಳಲ್ಲಿ ಇವತ್ತಿಗೂ ಹಾಡ್ತಾರೆ. ಇದನ್ನು ನನಗೆ ಹೇಳಿದವರು ಸರ್. "ಗವರ್ನರ್ ಆಗಿ ಏನೇನ್ ಹುಕುಂ ಕೊಟ್ನೋ ಯಾರಿಗೂ ನೆನಪಿಲ್ಲ, ಹಾಡು ಉಳೀತು ನೋಡು" ಅಂತಿದ್ದರು. ನಾನಾಗ, "ಸರ್, ರೋಡೂ ಉಳಿದಿದೆ" ಅಂದಿದ್ದೆ. ತಲೆಗೊಂದು ಬಿತ್ತು. (ನಗು)

ಚೆಂಡು, ನೆಟ್ಟು ಎಲ್ಲ ಇಡುವ ಸಣ್ಣ ಕೋಣೆ ಚರ್ಚಿನ ಹಿಂಬದಿಗಿತ್ತು. ಅಲ್ಲಿ ಗೋಡೆಗೆ ಪತ್ರಿಕೆಯಿಂದ ಕತ್ತರಿಸಿ ಅಂಟಿಸಿದ ಒಂದು ಫೋಟೋ. ಕನ್ನಡಕ, ಮೀಸೆ, ಒಂದು ಕೈಯಲ್ಲಿ ಚೆಂಡು, ಇನ್ನೊಂದು ಕೈಯಲ್ಲಿ ಹಣ್ಣಿನ ಬುಟ್ಟಿ. ಜೇಮ್ಸ್ ನೈಸ್ಮಿತ್. ಬಾಸ್ಕೆಟ್‌ಬಾಲ್ ಆಟವನ್ನು ಕಂಡುಹಿಡಿದವರು ಅಂತ ಗೊತ್ತಿರುತ್ತೆ. ಅವರು ದೇವಜ್ಞಾನ ಓದಿದ ಮನುಷ್ಯ, ಆಮೇಲೆ ದೀಕ್ಷೆ ಪಡೆದ ಪಾದ್ರಿ ಅನ್ನೋದು ಅಷ್ಟು ಗೊತ್ತಿರೋದಿಲ್ಲ. ಸರ್‌ಗೆ ಅವರು ಅಂದರೆ ಪ್ರಾಣ. ಒಬ್ಬನೇ ಮನುಷ್ಯ ಚರ್ಚೂ ನಡೆಸಬಹುದು, ಸೀಟಿಯನ್ನೂ ಊದಬಹುದು ಅನ್ನೋದಕ್ಕೆ ಅವರಿಗೆ ಸಾಕ್ಷಿ ಬೇಕಿತ್ತು ಅಂತ ಕಾಣುತ್ತೆ. ಯಾಕೆಂದರೆ ಸಭೆಯಲ್ಲೂ ಕೆಲವರಿಗೆ, ಹಿರಿಯರು ಚಡ್ಡಿ ಹಾಕ್ಕೊಂಡು ಹುಡುಗರ ಜೊತೆ ಓಡೋದು ಹಿಡಿಸುತ್ತಿರಲಿಲ್ಲ.

ಸರ್ ತೀರಿಕೊಂಡ ಮೇಲೆ ನಾನು ನೈಸ್ಮಿತ್ ಬಗ್ಗೆ ಕೂತು ಓದಿದೆ.

ಹುಟ್ಟಿದ್ದು 1861, ಕೆನಡಾದ ಆಲ್ಮೊಂಟ್ ಹತ್ತಿರ. ಒಂಬತ್ತು ವರ್ಷಕ್ಕೆ ಅಪ್ಪ ಅಮ್ಮ ಇಬ್ಬರೂ ಟೈಫಾಯ್ಡ್‌ಗೆ ಹೋದರು. ಮಾವನ ಮನೆಯಲ್ಲಿ ಬೆಳೆದು, ಶಾಲೆ ಬಿಟ್ಟು ಕಾಡಿನಲ್ಲಿ ಮರ ಕಡಿಯುವ ಕೆಲಸಕ್ಕೆ ಹೋದರು. ಆಮೇಲೆ ಮತ್ತೆ ಶಾಲೆಗೆ ಸೇರಿ, ಮಾಂಟ್ರಿಯಲ್‌ನಲ್ಲಿ ಕಾಲೇಜು, ಅಲ್ಲೇ ದೇವಜ್ಞಾನ. ಅವರು ಫುಟ್ಬಾಲ್ ಆಡ್ತಾರೆ ಅಂತ ಜೊತೆಯ ವಿದ್ಯಾರ್ಥಿಗಳು ಅವರ ಆತ್ಮದ ಉದ್ಧಾರಕ್ಕೆ ಪ್ರಾರ್ಥನೆ ಮಾಡಿದ್ದರಂತೆ. ಶನಿವಾರ ಆಡಿ ಏಟು ತಿಂದು, ಭಾನುವಾರ ಎರಡೂ ಕಣ್ಣು ಕಪ್ಪಾಗಿ ಊದಿಕೊಂಡು ಪ್ರಸಂಗ ಪೀಠದ ಮೇಲೆ ನಿಂತ ಕಥೆಯೂ ಇದೆ. ನಮ್ಮ ಸರ್ ಈ ಕಥೆಯನ್ನು ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ.

1891ರ ಡಿಸೆಂಬರ್, ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ವೈಎಂಸಿಎ ತರಬೇತಿ ಶಾಲೆ. ಹೊರಗೆ ಹಿಮ. ಒಳಗೆ ಹದಿನೆಂಟು ಜನ ಪುಂಡ ವಿದ್ಯಾರ್ಥಿಗಳು, ಬರೀ ಕಸರತ್ತು ಮಾಡಿ ಬೇಸತ್ತವರು. ಇವರಿಗೆ ಒಳಾಂಗಣದಲ್ಲಿ ಆಡುವ ಏನಾದರೂ ಹುಡುಕು ಅಂತ ಮೇಲಿನವರ ಅಪ್ಪಣೆ. ನೈಸ್ಮಿತ್ ಜವಾನನ ಹತ್ತಿರ ಎರಡು ಪೆಟ್ಟಿಗೆ ಕೇಳಿದರು. ಪೆಟ್ಟಿಗೆ ಇರಲಿಲ್ಲ, ಪೀಚ್ ಹಣ್ಣಿನ ಬುಟ್ಟಿ ಇದೆ ಅಂದ. ಬುಟ್ಟಿಯನ್ನು ಬಾಲ್ಕನಿಯ ಕಟಕಟೆಗೆ ಹೊಡೆದರು. ಆ ಕಟಕಟೆ ಹತ್ತು ಅಡಿ ಎತ್ತರ ಇತ್ತು, ಇವತ್ತಿಗೂ ರಿಂಗ್ ಹತ್ತು ಅಡಿಯೇ. ಹದಿಮೂರು ನಿಯಮ ಬರೆದು ಗೋಡೆಗೆ ಹಚ್ಚಿದರು. ಒಂದೊಂದು ಕಡೆ ಒಂಬತ್ತು ಜನ. ಬುಟ್ಟಿಗೆ ತಳ ಇತ್ತಲ್ಲ, ಚೆಂಡು ಬಿದ್ದರೆ ಏಣಿ ಹಾಕಿ ತೆಗೀಬೇಕು. ಮೊದಲ ಆಟದ ಸ್ಕೋರು 1-0, ಆದ್ದರಿಂದ ಏಣಿಗೆ ಹೆಚ್ಚು ಕೆಲಸ ಬೀಳಲಿಲ್ಲ.

ಇದು ಪುಸ್ತಕದ ಕಥೆ, ಅಂದವಾಗಿದೆ. ಆದರೆ 1939ರ ಜನವರಿಯಲ್ಲಿ, ಅವರಿಗೆ ಎಪ್ಪತ್ತೇಳು ವರ್ಷ, ಒಂದು ರೇಡಿಯೋ ಸಂದರ್ಶನ ಆಯಿತು. ಅದೇ ವರ್ಷ ನವೆಂಬರ್ 28ಕ್ಕೆ ಅವರು ತೀರಿಕೊಂಡರು. ಆ ರೇಡಿಯೋ ಮಾತಿನ ಧ್ವನಿ ಈಗಲೂ ಉಳಿದಿದೆ, ಕೇಳಬಹುದು. ಅದರಲ್ಲಿ ಮುದುಕರು ನಗುತ್ತಾ ಏನು ಹೇಳ್ತಾರೆ ಅಂದರೆ, ಮೊದಲ ಸಲ ಆಡಿಸಿದಾಗ ಹುಡುಗರು ಹೊಡೆದಾಡಿಕೊಂಡರು! ಒದ್ದರು, ಗುದ್ದಿದರು, ಕೆಲವರ ಕಣ್ಣು ಊದಿತು, ಒಬ್ಬನ ಭುಜ ಜಾರಿತು, ಒಬ್ಬ ಎಚ್ಚರ ತಪ್ಪಿ ಬಿದ್ದ. ತನ್ನ ನಿಯಮ ಸಾಲದು ಅಂತ ಆಮೇಲೆ ಗೊತ್ತಾಗಿ, ಚೆಂಡು ಹಿಡಿದುಕೊಂಡು ಓಡಬಾರದು ಅಂತ ಮಾಡಿದೆ ಅಂತಾರೆ. ನನಗೆ ಇದು ಬಹಳ ಹಿಡಿಸಿತು. ಬದುಕಿನ ಕೊನೆಯ ವರ್ಷ, ಇಡೀ ದೇಶ ಕೇಳ್ತಾ ಇದೆ. ಬೇರೆ ಯಾರಾದರೂ ಆಗಿದ್ದರೆ ಬುಟ್ಟಿಯ ಕಥೆ ಹೇಳಿ ಚಪ್ಪಾಳೆ ತಗೊಂಡು ಹೋಗುತ್ತಿದ್ದರು. ಇವರು ತಮ್ಮ ಮೊದಲ ದಿನ ಕೆಟ್ಟುಹೋದ ಕಥೆ ಹೇಳಿದರು.

ಇನ್ನೊಂದು. 1898ರಲ್ಲಿ ಅವರು ಕಾನ್ಸಾಸ್ ವಿಶ್ವವಿದ್ಯಾಲಯಕ್ಕೆ ಬಂದರು. ಅಷ್ಟರಲ್ಲಿ ಡಾಕ್ಟರಿಕೆಯನ್ನೂ ಓದಿದ್ದರು. ಅಲ್ಲಿ ಅವರ ಕೆಲಸ ಪ್ರಾರ್ಥನಾ ಮಂದಿರ ನೋಡಿಕೊಳ್ಳೋದು ಮತ್ತು ವ್ಯಾಯಾಮ ಕಲಿಸೋದು. ಜೊತೆಗೆ ಬಾಸ್ಕೆಟ್‌ಬಾಲ್ ತಂಡಕ್ಕೆ ಕೋಚ್. 1907ರವರೆಗೆ ಅವರ ಲೆಕ್ಕ ಹೇಳಲಾ? ಗೆದ್ದದ್ದು 55, ಸೋತದ್ದು 60. ಕಾನ್ಸಾಸ್‌ನಲ್ಲಿ ಗೆದ್ದದ್ದಕ್ಕಿಂತ ಹೆಚ್ಚು ಸೋತ ಕೋಚ್ ಅವರೊಬ್ಬರೇ. ಆಟವನ್ನೇ ಹುಟ್ಟಿಸಿದ ಮನುಷ್ಯ! ಅವರ ಶಿಷ್ಯ ಫಾಗ್ ಅಲೆನ್ ಕೋಚ್ ಆಗ್ತೇನೆ ಅಂತ ಹೊರಟಾಗ, ಬಾಸ್ಕೆಟ್‌ಬಾಲ್ ಆಡೋದು, ಅದಕ್ಕೆ ಕೋಚಿಂಗ್ ಏನಯ್ಯಾ ಅನ್ನುವ ಅರ್ಥದಲ್ಲಿ ನಕ್ಕಿದ್ದರಂತೆ. ಅಲೆನ್ ದೊಡ್ಡ ಕೋಚ್ ಆದರು, ಗೆದ್ದರು, ಗೆಲ್ಲುವವರನ್ನು ಬೆಳೆಸಿದರು. ನೈಸ್ಮಿತ್ ಗೆಲುವಿನ ಕಡೆ ತಲೆ ಹಾಕಲೇ ಇಲ್ಲ.

ಈಗ ಕಷ್ಟದ ಭಾಗ. 1933ರಲ್ಲಿ ಜಾನ್ ಮೆಕ್ಲೆಂಡನ್ ಅನ್ನುವ ಕಪ್ಪು ಹುಡುಗ ಕಾನ್ಸಾಸ್‌ಗೆ ಓದಲಿಕ್ಕೆ ಬಂದ. ಬಾಸ್ಕೆಟ್‌ಬಾಲ್ ಹುಚ್ಚು. ವಿಶ್ವವಿದ್ಯಾಲಯದ ತಂಡದಲ್ಲಿ ಕಪ್ಪು ಹುಡುಗರನ್ನು ಸೇರಿಸುತ್ತಿರಲಿಲ್ಲ, ಆಡುವ ಮಾತೇ ಇಲ್ಲ. ನೈಸ್ಮಿತ್ ಅವನನ್ನು ಶಿಷ್ಯನಾಗಿ ತಗೊಂಡರು. ತಮಗೆ ಗೊತ್ತಿದ್ದದ್ದೆಲ್ಲ ಹೇಳಿಕೊಟ್ಟರು. ಓದುವಾಗಲೇ ಊರಿನ ಹೈಸ್ಕೂಲ್ ಹುಡುಗರಿಗೆ ಕೋಚ್ ಆಗಲಿಕ್ಕೆ ದಾರಿ ಮಾಡಿದರು. ಮೆಕ್ಲೆಂಡನ್ ಸಾಯುವವರೆಗೂ ಗುರುವಿನ ಹೆಸರು ಹೇಳುತ್ತಿದ್ದರು. ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು, ಆ ತಂಡದ ಬಾಗಿಲು ತೆರೆಯಲಿಲ್ಲ. ತಾನೇ ಹುಟ್ಟಿಸಿದ ಆಟ, ತಾನೇ ಕೂತ ಕಾಲೇಜು, ಆದರೂ ತನ್ನ ಅತ್ಯುತ್ತಮ ಶಿಷ್ಯನನ್ನು ಅಂಗಳಕ್ಕೆ ಇಳಿಸಲಿಕ್ಕೆ ಆಗಲಿಲ್ಲ. ನೈಸ್ಮಿತ್ ಮೇಲಿನ ಹೊಗಳಿಕೆಯ ಲೇಖನಗಳು ಮೊದಲನೆಯದನ್ನು ಬರೀತಾವೆ, ಎರಡನೆಯದನ್ನು ಬೇಗ ದಾಟಿ ಹೋಗ್ತಾವೆ. ನಾನು ನನ್ನ ಎರಡು ನಿಮಿಷದಲ್ಲಿ ಮಾಡಿದ್ದೂ ಅದನ್ನೇ.

ಆ ಶಿಷ್ಯ ಏನು ಮಾಡಿದ ಅಂತಲೂ ಕೇಳಿ. 1944ರ ಮಾರ್ಚ್ 12, ಭಾನುವಾರ. ನಾರ್ತ್ ಕ್ಯಾರೊಲೈನಾದ ಡರ್ಹಮ್ ಊರು. ಕಪ್ಪು ಬಿಳಿ ಹುಡುಗರು ಜೊತೆಗೆ ಆಡೋದು ಅಲ್ಲಿ ಕಾನೂನಿಗೆ ವಿರುದ್ಧ. ಮೆಕ್ಲೆಂಡನ್ ತನ್ನ ಕಾಲೇಜಿನ ಕಪ್ಪು ಹುಡುಗರನ್ನೂ ಡ್ಯೂಕ್ ಮೆಡಿಕಲ್ ಸ್ಕೂಲಿನ ಬಿಳಿ ಹುಡುಗರನ್ನೂ ಗುಟ್ಟಾಗಿ ಸೇರಿಸಿದ. ಸಮಯ ಯಾವುದು ಇಟ್ಟ ಗೊತ್ತಾ? ಊರೆಲ್ಲ ಚರ್ಚಿನಲ್ಲಿ ಇರುವ ಹೊತ್ತು! ಬಾಗಿಲು ಹಾಕಿ ಆಡಿದರು. 88-44, ಮೆಕ್ಲೆಂಡನ್ ಹುಡುಗರು ಗೆದ್ದರು. ಆಮೇಲೆ ಅಷ್ಟಕ್ಕೇ ನಿಲ್ಲಿಸದೆ ಎರಡೂ ತಂಡದವರನ್ನು ಬೆರೆಸಿ ಇನ್ನೊಂದು ಆಟ ಆಡಿದರು. ಪಾದ್ರಿಯ ಶಿಷ್ಯ ಆರಾಧನೆಯ ಹೊತ್ತಿನಲ್ಲಿ ಆಟ ಇಟ್ಟದ್ದನ್ನು ಗುರು ಕೇಳಿದ್ದರೆ ಏನಂತಿದ್ದರೋ. ನೈಸ್ಮಿತ್ ಹೋಗಿ ಆಗಲೇ ನಾಲ್ಕು ವರ್ಷ ಆಗಿತ್ತು.

ಅಲ್ಲಿಂದ ಇಲ್ಲಿಗೆ ಬರೋಣ. ಈ ಆಟವನ್ನು ನಮ್ಮ ದೇಶಕ್ಕೆ ತಂದದ್ದು ವೈಎಂಸಿಎ. ಅದೇ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಓದಿದ ಹ್ಯಾರಿ ಬಕ್ 1920ರಲ್ಲಿ ಮದ್ರಾಸಿನಲ್ಲಿ ದೈಹಿಕ ಶಿಕ್ಷಣದ ಶಾಲೆ ಶುರು ಮಾಡಿದರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತದ ತಂಡದ ಜೊತೆ ಹೋದವರೂ ಅವರೇ. ನಮ್ಮ ಊರಿನ ಪಿ.ಟಿ. ಮಾಸ್ತರುಗಳಲ್ಲಿ ಎಷ್ಟೋ ಜನ ಅಲ್ಲಿ ಕಲಿತು ಬಂದವರು.

ಮುಂಬೈಯಲ್ಲಿ ಬಾಸ್ಕೆಟ್‌ಬಾಲ್ ಅಂದರೆ ನಾಗ್ಪಾಡಾ. ಇಲ್ಲಿಂದ ಪೂರ್ವಕ್ಕೆ ನಡೆದುಕೊಂಡೇ ಹೋಗಬಹುದು. ಅಲ್ಲಿ ಅಮೆರಿಕನ್ ಮರಾಠಿ ಮಿಷನ್ನಿನ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ನಡೆಸಿದ ನಾಗ್ಪಾಡಾ ನೇಬರ್‌ಹುಡ್ ಹೌಸ್ ಇತ್ತು. ಇವತ್ತಿನ ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಶಿಯಲ್ ಸೈನ್ಸಸ್ 1936ರಲ್ಲಿ ಹುಟ್ಟಿದ್ದು ಅದೇ ಕಟ್ಟಡದಲ್ಲಿ. ಆ ಮೊಹಲ್ಲಾದ ಹುಡುಗರಿಗೆ ಆಟ ಕಲಿಸಿದ ದೊಡ್ಡ ಕೋಚ್ ಬಚ್ಚೂ ಖಾನ್. 1970ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಅಬ್ಬಾಸ್ ಮುನ್ತಸಿರ್ ನಾಗ್ಪಾಡಾದವರು. ಸರ್ ವರ್ಷಕ್ಕೆ ಎರಡು ಸಲ ನಮ್ಮನ್ನು ಅಲ್ಲಿಗೆ ಕರಕೊಂಡು ಹೋಗುತ್ತಿದ್ದರು, ಸೋಲಲಿಕ್ಕೆ. ನಿಜವಾಗಿ ಹಾಗೇ ಹೇಳುತ್ತಿದ್ದರು, "ನಡೀರಿ, ಸೋತು ಬರೋಣು". ಬರುವಾಗ ದಾರಿಯಲ್ಲಿ ಪಾವ್ ಕೊಡಿಸುತ್ತಿದ್ದರು.

ಸರಿ. ಇನ್ನು ಸುತ್ತೋದು ಬೇಡ.

ನನಗೆ ಹದಿನಾರು. ಚೆಂಡಿನ ಕೋಣೆಯ ಕೀಲಿ ನನ್ನ ಹತ್ತಿರ ಇತ್ತು, ಅದು ನನಗೆ ದೊಡ್ಡ ಮರ್ಯಾದೆ. ಒಂದು ಡಿಸೆಂಬರ್, ಟೂರ್ನಮೆಂಟಿಗೆ ಹತ್ತು ದಿನ ಇರುವಾಗ ಹೊಸ ಚೆಂಡು ಕಾಣೆ. ಹಣ ಒಟ್ಟು ಮಾಡಿ ತಂದ ಚೆಂಡು. ಸರ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೇಳಿದರು. ಕೀಲಿ ನನ್ನಲ್ಲಿತ್ತು, ನಾನು ಹೋಟೆಲ್ ಹುಡುಗ, ಕೈಯಲ್ಲಿ ಕಾಸಿಲ್ಲ. ಅವರು ಎಲ್ಲರೆದುರು ನನ್ನನ್ನು ಕಳ್ಳ ಅಂದರು. ಆ ಶಬ್ದವನ್ನೇ ಅಂದರು. ಕೀಲಿ ಕಿತ್ತುಕೊಂಡು ತಂಡದಿಂದ ಹೊರಗೆ ಹಾಕಿದರು. ಅಪ್ಪನಿಗೆ ಗೊತ್ತಾಯಿತು. ಅಪ್ಪ ನನಗೆ ಹೊಡೆಯಲಿಲ್ಲ, ಮಾತು ಬಿಟ್ಟರು. ಧಣಿಗಳು ಗಲ್ಲೆಯ ಡ್ರಾವರಿಗೆ ಬೀಗ ಹಾಕಲಿಕ್ಕೆ ಶುರು ಮಾಡಿದರು. ನಾನು ನೋಡುತ್ತಿದ್ದೇನೆ ಅಂತ ಗೊತ್ತಿದ್ದೇ ಹಾಕುತ್ತಿದ್ದರು. ಟೂರ್ನಮೆಂಟ್ ಆಯಿತು, ತಂಡ ಗೆದ್ದಿತು. ನಾನಿಲ್ಲದೆ ಗೆದ್ದಿತು. ಆ ಕಪ್ ಹೆಸರನ್ನೂ ನಾನು ಮೊನ್ನೆ ಪಟ್ಟಿಯಲ್ಲಿ ಓದಿದೆ.

ಜನವರಿ ಎರಡನೇ ವಾರ ಇರಬೇಕು. ಮಧ್ಯಾಹ್ನ ಮೂರು ಗಂಟೆ, ಊಟದ ಗಿರಾಕಿ ಇಳಿದ ಹೊತ್ತು. ಸರ್ ವರ್ಕ್‌ಶಾಪಿನ ಬಟ್ಟೆಯಲ್ಲೇ, ಕೈಗೆ ಎಣ್ಣೆ ಮೆತ್ತಿಕೊಂಡು ಹೋಟೆಲ್ ಒಳಗೆ ಬಂದರು. ಕೂರಲಿಲ್ಲ. "ಹುಡುಗನ್ನ ಕರೀರಿ" ಅಂದರು. ನಾನು ಒಳಗಿಂದ ಬಂದೆ, ಅಪ್ಪ ಕೈ ಒರೆಸಿಕೊಳ್ತಾ ಹಿಂದೆ ಬಂದರು. ಏಳೆಂಟು ಗಿರಾಕಿಗಳು ಚಾ ಕುಡಿಯುತ್ತಿದ್ದರು. ಸರ್ ಹೇಳಿದರು: "ಚೆಂಡು ಸಿಕ್ತು ತಮ್ಮಾ. ಕ್ರಿಸ್‌ಮಸ್ ನಕ್ಷತ್ರದ ಸಾಮಾನಿನ ಜೋಡಿ ನಾನೇ ಅಟ್ಟದ ಮ್ಯಾಲ ಇಟ್ಟು ಮರತಿದ್ದೆ. ತಪ್ಪು ನಂದು. ನಿನಗ ಕಳ್ಳ ಅಂದೆ. ನನ್ನ ಮಾಫ್ ಮಾಡು."

ಅಪ್ಪ ಗಾಬರಿಯಾಗಿ, "ಅಯ್ಯೋ ಸರ್, ನೀವು ದೊಡ್ಡವ್ರು, ಮಕ್ಕಳ ಹತ್ರ ಹೀಗೆಲ್ಲ... ಬನ್ನಿ ಒಳಗೆ ಕೂತು ಮಾತಾಡುವ" ಅಂದರು. ಸರ್ ಒಪ್ಪಲಿಲ್ಲ. "ಇಲ್ರಿ. ಕಳ್ಳ ಅಂದದ್ದು ಹತ್ತು ಮಂದಿ ಮುಂದ. ತಪ್ಪಾತು ಅನ್ನೂದನ್ನ ಮೂಲ್ಯಾಗ ಅಂದ್ರ ಹ್ಯಾಂಗ ನಡೀತದ?"

ನಾನು ಏನು ಹೇಳಿದೆ? ಏನೂ ಇಲ್ಲ. ತಿರುಗಿ ಒಳಗೆ ಹೋಗಿ ಲೋಟ ತೊಳೀತಾ ನಿಂತೆ. ಅವರು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು ಅಂತ ಅಪ್ಪ ಆಮೇಲೆ ಹೇಳಿದರು. ಅದೇ ಸಂಜೆ ಗ್ರೌಂಡಿನಲ್ಲಿ ಹುಡುಗರಿಗೂ, ಭಾನುವಾರ ಆರಾಧನೆ ಮುಗಿದ ಮೇಲೆ ಸಭೆಯವರಿಗೂ ಇದನ್ನೇ ಹೇಳಿದರಂತೆ. ಧಣಿಗಳು ಡ್ರಾವರಿನ ಬೀಗ ತೆಗೆದರು.

ನಾನು ಗ್ರೌಂಡಿಗೆ ಹೋದದ್ದು ಎರಡು ತಿಂಗಳು ಬಿಟ್ಟು. ಸರ್ ಮಾತಾಡಲಿಲ್ಲ, ಕೀಲಿ ನನ್ನ ಕಡೆ ಎಸೆದರು, ನಾನು ಹಿಡಿದೆ. ಅದಾದ ಮೇಲೆ ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ನಮ್ಮ ಒಡನಾಟ ಇತ್ತು. ನನ್ನ ಮದುವೆಗೆ ಬಂದರು, ಅಪ್ಪ ಹೋದಾಗ ಬಂದರು. ಆದರೆ 'ಮಾಫ್ ಮಾಡಿದೆ ಸರ್' ಅನ್ನುವ ಮಾತನ್ನು ನಾನು ಯಾವತ್ತೂ ಹೇಳಲಿಲ್ಲ. ಹೇಳುವ ಅಗತ್ಯ ಇಲ್ಲ, ಅವರಿಗೆ ಗೊತ್ತು ಅಂದುಕೊಂಡಿದ್ದೆ. ಕೊನೆಯ ಸಲ ಆಸ್ಪತ್ರೆಯಲ್ಲಿ ನೋಡಿದಾಗ ಅವರು ಬೇರೇನೋ ಮಾತಾಡ್ತಾ ಮಾತಾಡ್ತಾ, "ಆ ಚೆಂಡಿನ ವಿಷಯ..." ಅಂತ ಶುರು ಮಾಡಿದರು. ನಾನು, "ಬಿಡಿ ಸರ್, ಹಳೇ ಕಥೆ" ಅಂತ ಬಾಯಿ ಮುಚ್ಚಿಸಿದೆ.

ಶ್ರದ್ಧಾಂಜಲಿ ದಿನ ಇದನ್ನು ಯಾಕೆ ಹೇಳಲಿಲ್ಲ ಅಂದರೆ, ಹೆಂಡತಿ ಮಕ್ಕಳ ಎದುರು ಅವರ ತಪ್ಪು ಎತ್ತಿದ ಹಾಗೆ ಆಗುತ್ತೆ ಅನಿಸಿತು. ಮೊನ್ನೆ ಅವರ ಮನೆಗೆ ಹೋಗಿ, ಅಮ್ಮನ ಹತ್ತಿರ ಹೀಗೆ ಹೀಗೆ, ವಿಡಿಯೋದಲ್ಲಿ ಹೇಳಬಹುದಾ ಅಂತ ಕೇಳಿದೆ. ಅವರು ನಕ್ಕರು. "ಅದು ನಮ್ಮ ಮನ್ಯಾಗ ಎಲ್ಲಾರಿಗೂ ಗೊತ್ತಪ್ಪ. ಪ್ರತಿ ವರ್ಷ ನಕ್ಷತ್ರ ಇಳಸೂ ಮುಂದ ಹೇಳ್ತಿದ್ರು. ನೀ ಏನೂ ಅನ್ನಲಿಲ್ಲ ಅನ್ನೂದನ್ನೂ ಹೇಳ್ತಿದ್ರು" ಅಂದರು.

ಅದಕ್ಕೆ ಇವತ್ತು ಹತ್ತು ಮಂದಿ ಮುಂದೆ ಹೇಳ್ತಾ ಇದ್ದೇನೆ. ಮಾಫ್ ಮಾಡಿದೆ ಸರ್. ಆವತ್ತೇ ಮಾಡಿದ್ದೆ.

ಇಷ್ಟೇ ಇದ್ದದ್ದು. ಇನ್ನೊಂದು ಕೆಲಸದ ಮಾತು: ಗ್ರೌಂಡಿನ ಆಚೆ ಬದಿಯ ರಿಂಗಿನ ನೆಟ್ ಪೂರ್ತಿ ಹರಿದಿದೆ. ಶನಿವಾರ ಸಂಜೆ ಕಟ್ಟಬೇಕು, ನೆಟ್ ನಾನು ತಂದಿದ್ದೇನೆ. ಏಣಿ ಯಾರ ಹತ್ರ ಇದೆ?